ವೈದ್ಯಕೀಯ ಗ್ರಂಥಾಲಯ: 2027 ಮುಗಿಯುವ ಮೊದಲೇ ಏಳಬೇಕು

2027ರ ಡಿಸೆಂಬರ್ 31ರಂದು ಒಂದು ಗಡುವು ಮುಗಿಯುತ್ತದೆ. ಅದರ ಬಗ್ಗೆ ರಾಜ್ಯದಲ್ಲಿ ಮಾತೇ ಕೇಳಿಸುತ್ತಿಲ್ಲ. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿತು. ಅದಕ್ಕೆ ತೆಗೆದಿರಿಸಿದ 6,000 ಕೋಟಿ ರೂಪಾಯಿ 2025, 2026, 2027 ಈ ಮೂರು ವರ್ಷಗಳಿಗಷ್ಟೇ. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಇ-ನಿಯತಕಾಲಿಕಗಳು, 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು, ಹತ್ತಿರ ಹತ್ತಿರ 1.8 ಕೋಟಿ ಓದುಗರು: ಇದು ಯೋಜನೆಯ ವ್ಯಾಪ್ತಿ. ಹಿಂದೆ ಬೇರೆ ಬೇರೆ ಸಚಿವಾಲಯಗಳ ಅಡಿಯಲ್ಲಿ ಹತ್ತು ಒಕ್ಕೂಟಗಳು ತಮ್ಮ ತಮ್ಮ ಪಾಡಿಗೆ ಪ್ರಕಾಶಕರೊಡನೆ ಚೌಕಾಸಿ ಮಾಡುತ್ತಿದ್ದವು. ಅದನ್ನೆಲ್ಲ ಒಂದೇ ಕಡೆ ತಂದದ್ದು ಒಳ್ಳೆಯ ಕೆಲಸ. ಜಿಲ್ಲಾ ಕೇಂದ್ರದ ಹೊಸ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಕುಳಿತ ಸ್ನಾತಕೋತ್ತರ ವಿದ್ಯಾರ್ಥಿಗೆ ದೆಹಲಿಯ ವಿದ್ಯಾರ್ಥಿಗೆ ಸಿಗುವ ಲೇಖನವೇ ಸಿಗುತ್ತದೆ ಎಂಬುದು ಸಣ್ಣ ಮಾತಲ್ಲ.

ಹಾಗಿದ್ದರೆ ಆತಂಕ ಏಕೆ? ಚಂದಾ ಎಂದರೆ ಒಡೆತನವಲ್ಲ. ಮುದ್ರಿತ ಪತ್ರಿಕೆಗೆ ಹಣ ಕಟ್ಟಿ ತರಿಸಿಕೊಂಡ ಕಾಲದಲ್ಲಿ, ಮುಂದಿನ ವರ್ಷ ಹಣ ಇಲ್ಲದಿದ್ದರೂ ಹಿಂದಿನ ವರ್ಷದ ಸಂಚಿಕೆ ಕಪಾಟಿನಲ್ಲಿ ಉಳಿಯುತ್ತಿತ್ತು. ಇ-ಚಂದಾದಲ್ಲಿ ಕರಾರು ಹೇಗಿದೆಯೋ ಹಾಗೆ. ಹಣ ಕಟ್ಟಿದ ವರ್ಷಗಳ ಸಂಚಿಕೆಗಳನ್ನು ಮುಂದೆಯೂ ಓದುವ ಹಕ್ಕು ಕರಾರಿನಲ್ಲಿ ಬರೆದಿದ್ದರೆ ಉಂಟು, ಬರೆಯದಿದ್ದರೆ ಬಾಗಿಲು ಮುಚ್ಚಿದ ದಿನ ಎಲ್ಲವೂ ಮುಚ್ಚುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ದೊಡ್ಡ ಸಂಸ್ಥೆಯೇ 2019ರಲ್ಲಿ ಎಲ್ಸೆವಿಯರ್ ಜೊತೆಗಿನ ಒಪ್ಪಂದ ಮುರಿದುಬಿದ್ದು, 2021ರವರೆಗೆ ಆ ಪ್ರಕಾಶಕರ ಹೊಸ ಲೇಖನಗಳಿಲ್ಲದೆ ನಡೆಯಬೇಕಾಯಿತು. ಆ ಅವಧಿಯನ್ನು ಅವರು ದಾಟಿದ್ದು ಗ್ರಂಥಪಾಲಕರ ಮುನ್ತಯಾರಿಯಿಂದ: ಯಾವ ಲೇಖನ ಮುಕ್ತವಾಗಿ ಎಲ್ಲಿ ಸಿಗುತ್ತದೆ, ಸಿಗದಿದ್ದನ್ನು ಯಾವ ಗ್ರಂಥಾಲಯದಿಂದ ತರಿಸಿಕೊಡಬಹುದು ಎಂಬುದನ್ನು ಮೊದಲೇ ಲೆಕ್ಕ ಹಾಕಿಟ್ಟಿದ್ದರು. ನಮ್ಮಲ್ಲಿ ಆ ಲೆಕ್ಕ ಯಾರ ಬಳಿ ಇದೆ? ಯಾವ ಕಾಲೇಜು ಯಾವ ಪತ್ರಿಕೆಯನ್ನು ಎಷ್ಟು ಓದುತ್ತದೆ, ಯಾವುದು ಇಲ್ಲದೆ ಯಾವ ವಿಭಾಗ ನಿಂತೇಹೋಗುತ್ತದೆ ಎಂಬ ಮಾಹಿತಿ ಇಲ್ಲದೆ 2028ರ ಮಾತುಕತೆಗೆ ಕೂತರೆ ಪ್ರಕಾಶಕ ಹೇಳಿದ್ದೇ ಬೆಲೆಯಾಗುತ್ತದೆ.

ಯೋಜನೆಯ ಹೊರಗೇ ಉಳಿದವರ ಪಾಡು ಬೇರೆ. ಇದರ ಮೊದಲ ಹಂತ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನಡೆಸುವ ಸಂಸ್ಥೆಗಳಿಗೆ ಮೀಸಲು. ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಖಾಸಗಿ. ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಇದರ ವ್ಯಾಪ್ತಿಯಲ್ಲಿಲ್ಲ. ಕಾಲೇಜಿನ ಚಂದಾ ಇಲ್ಲದ ಎಷ್ಟೋ ವಿದ್ಯಾರ್ಥಿಗಳು ಇಷ್ಟು ವರ್ಷ ಸೈ-ಹಬ್ ಎಂಬ ಜಾಲತಾಣದಿಂದ ಲೇಖನಗಳನ್ನು ಇಳಿಸಿಕೊಳ್ಳುತ್ತಿದ್ದರು ಎಂಬುದು ಪ್ರತಿ ಕಾಲೇಜಿಗೂ ಗೊತ್ತಿದ್ದ ಸಂಗತಿ. ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಅದನ್ನು ದೇಶದಲ್ಲಿ ತಡೆಹಿಡಿಯಲು ಆದೇಶಿಸಿತು. ಕಾನೂನಿನ ಪ್ರಶ್ನೆ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಆ ದಾರಿ ಮುಚ್ಚಿದ ಮೇಲೆ ಆ ವಿದ್ಯಾರ್ಥಿಗಳು ಎಲ್ಲಿಗೆ ಹೋದರು ಎಂದು ಕೇಳಬೇಕಾದದ್ದು ಕಾಲೇಜುಗಳು. ಬಹಳಷ್ಟು ಕಡೆ ಆ ಪ್ರಶ್ನೆಯನ್ನು ಕೇಳುವ ಜವಾಬ್ದಾರಿ ಹೊತ್ತ ವ್ಯಕ್ತಿಯೇ ಇಲ್ಲ.

ನಾವು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಹಣದ ಕೊರತೆ ಕಣ್ಣಿಗೆ ಬೇಗ ಬೀಳುತ್ತದೆ, ಮನುಷ್ಯರ ಕೊರತೆ ಬೀಳುವುದಿಲ್ಲ. ‘ಎಲ್ಲವೂ ಮೊಬೈಲಿನಲ್ಲೇ ಇದೆಯಲ್ಲ, ಗ್ರಂಥಪಾಲಕರು ಯಾಕೆ’ ಎಂಬ ಮಾತು ಆಡಳಿತ ಮಂಡಳಿಗಳ ಸಭೆಗಳಲ್ಲಿ ಸಲೀಸಾಗಿ ಬರತೊಡಗಿದೆ. ನಿವೃತ್ತಿಯಾದವರ ಜಾಗ ತುಂಬುವುದಿಲ್ಲ. ತುಂಬಿದರೂ ಹೊರಗುತ್ತಿಗೆಯಲ್ಲಿ, ಇಷ್ಯೂ-ರಿಟರ್ನ್ ಕೌಂಟರಿಗಷ್ಟೇ. ಹಳೆಯ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಗಳಲ್ಲಿ ಗ್ರಂಥಪಾಲಕ, ಉಪ ಗ್ರಂಥಪಾಲಕ, ಡಾಕ್ಯುಮೆಂಟಲಿಸ್ಟ್, ಕ್ಯಾಟಲಾಗರ್ ಎಂದು ಹುದ್ದೆಗಳ ಪಟ್ಟಿಯೇ ಇತ್ತು. ಆ ಮಂಡಳಿ ಹೋಗಿ 2020ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿದೆ. ಇನ್‌ಸ್ಪೆಕ್ಷನ್ ದಿನ ಕುರ್ಚಿ, ಕಂಪ್ಯೂಟರು, ಪುಸ್ತಕಗಳನ್ನು ಎಣಿಸುವುದು ಸುಲಭ. ಗ್ರಂಥಾಲಯ ಒಬ್ಬ ಓದುಗನಿಗೆ ಏನು ಮಾಡಿಕೊಟ್ಟಿತು ಎಂಬುದನ್ನು ಎಣಿಸಲಾಗದು. ಎಣಿಕೆಗೆ ಸಿಗದ ಕೆಲಸಕ್ಕೇ ಕತ್ತರಿ ಮೊದಲು ಬೀಳುತ್ತದೆ.

ಆ ಕೆಲಸ ಇಲ್ಲದಾಗ ಏನಾಗುತ್ತದೆ ಎಂಬುದನ್ನು ಜಗತ್ತು ಒಮ್ಮೆ ನೋಡಿದೆ. 2001ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆಸ್ತಮಾ ಕುರಿತ ಒಂದು ಅಧ್ಯಯನ ನಡೆಯುತ್ತಿತ್ತು. ಆರೋಗ್ಯವಂತರ ಶ್ವಾಸನಾಳಗಳು ಕೆರಳಿದಾಗಲೂ ಹೇಗೆ ತೆರೆದೇ ಇರುತ್ತವೆ ಎಂದು ತಿಳಿಯುವುದು ಉದ್ದೇಶ. ಅದಕ್ಕಾಗಿ ಸ್ವಯಂಸೇವಕರಿಗೆ ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನ ಮೂಲಕ ಕೊಟ್ಟರು. ಇದು ಹಿಂದೊಮ್ಮೆ ರಕ್ತದೊತ್ತಡಕ್ಕೆ ಬಳಸುತ್ತಿದ್ದ ಔಷಧ. 24 ವರ್ಷದ, ಯಾವ ಕಾಯಿಲೆಯೂ ಇಲ್ಲದ ಸ್ವಯಂಸೇವಕಿಯೊಬ್ಬರು ಮೇ 4ರಂದು ಅದನ್ನು ಸೇವಿಸಿದರು. ಮರುದಿನ ಒಣಕೆಮ್ಮು ಶುರುವಾಯಿತು. ಕೆಲವೇ ದಿನಗಳಲ್ಲಿ ಆಸ್ಪತ್ರೆ, ಆಮೇಲೆ ಕೃತಕ ಉಸಿರಾಟ. ಶ್ವಾಸಕೋಶಗಳು ಕೈಕೊಟ್ಟವು. ಜೂನ್ 2ರಂದು ಅವರು ತೀರಿಕೊಂಡರು.

ತನಿಖೆಯಲ್ಲಿ ಹೊರಬಂದ ಸಂಗತಿ ಪ್ರತಿ ವೈದ್ಯಕೀಯ ಕಾಲೇಜಿನ ಗೋಡೆಯ ಮೇಲೂ ಇರಬೇಕಾದದ್ದು. ಸಂಶೋಧಕರು ಔಷಧದ ಅಪಾಯಗಳನ್ನು ಹುಡುಕಿರಲಿಲ್ಲ ಎಂದಲ್ಲ, ಹುಡುಕಿದ್ದರು. ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ನೋಡಿದ್ದರು, ಪಠ್ಯಪುಸ್ತಕವನ್ನೂ ನೋಡಿದ್ದರು. ಆದರೆ ಆಗ ಪಬ್‌ಮೆಡ್ ಹಿಂದಕ್ಕೆ ಹೋಗುತ್ತಿದ್ದದ್ದು 1966ರವರೆಗೆ ಮಾತ್ರ. ಹೆಕ್ಸಾಮೆಥೋನಿಯಂ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ ಎಂದು ವರದಿ ಮಾಡಿದ ಲೇಖನಗಳು 1950ರ ದಶಕದವು. ಅವು ಗುಟ್ಟಿನ ದಾಖಲೆಗಳಲ್ಲ. ಪ್ರಕಟವಾದ, ಗ್ರಂಥಾಲಯಗಳಲ್ಲಿ ಸಾಲಾಗಿ ಬೈಂಡ್ ಮಾಡಿಸಿಟ್ಟ ಪತ್ರಿಕೆಗಳಲ್ಲಿದ್ದವು. ಕಂಪ್ಯೂಟರಿನ ಪರದೆ ಎಲ್ಲಿಗೆ ನಿಲ್ಲುತ್ತದೆ, ಅದರಾಚೆ ಯಾವ ಮುದ್ರಿತ ಸೂಚಿಯನ್ನು ತೆರೆಯಬೇಕು ಎಂದು ಗೊತ್ತಿದ್ದವರು ಗ್ರಂಥಪಾಲಕರು. ಅವರನ್ನು ಯಾರೂ ಕೇಳಲಿಲ್ಲ. ಆ ಜುಲೈನಲ್ಲಿ ಅಮೆರಿಕ ಸರ್ಕಾರ ತನ್ನ ಹಣದಿಂದ ಅಲ್ಲಿ ನಡೆಯುತ್ತಿದ್ದ ಮಾನವ ಸಂಶೋಧನೆಯನ್ನು ಸ್ವಲ್ಪ ಕಾಲ ನಿಲ್ಲಿಸಿಬಿಟ್ಟಿತು. ಜಗತ್ತಿನ ಅತಿ ದೊಡ್ಡ ಹೆಸರಿನ, ಹಣಕ್ಕೆ ಕೊರತೆಯಿಲ್ಲದ, 1929ರಿಂದ ವೆಲ್ಚ್ ಗ್ರಂಥಾಲಯದಂಥ ಸಂಗ್ರಹ ಇರುವ ಸಂಸ್ಥೆಯಲ್ಲಿ ನಡೆದ ಸಾವು ಇದು. ಅಲ್ಲಿ ಪುಸ್ತಕವೂ ಇತ್ತು, ಗ್ರಂಥಪಾಲಕರೂ ಇದ್ದರು. ಅಧ್ಯಯನದ ಯೋಜನೆ ಅವರ ಮೇಜಿಗೆ ಹೋಗಬೇಕೆಂಬ ನಿಯಮ ಮಾತ್ರ ಇರಲಿಲ್ಲ.

ಇದು ಹಳೆಯ ಕತೆ, ಈಗ ಪಬ್‌ಮೆಡ್ 1940ರ ದಶಕದವರೆಗೂ ಹಿಂದಕ್ಕೆ ಹೋಗುತ್ತದೆ ಎನ್ನಬಹುದು. ಹೋಗುತ್ತದೆ, ನಿಜ. ಆದರೆ ಆ ಹಳೆಯ ಲೇಖನಗಳ ಹೆಸರು, ಪತ್ರಿಕೆ, ಪುಟಸಂಖ್ಯೆ ಸಿಗುತ್ತವೆಯೇ ಹೊರತು ಸಾರಾಂಶ ಇರುವುದಿಲ್ಲ. ಸಾರಾಂಶವಿಲ್ಲದ ನಮೂದನ್ನು ಅವಸರದ ಓದುಗ ದಾಟಿ ಮುಂದೆ ಹೋಗುತ್ತಾನೆ. ಮಲೆನಾಡಿನ ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಸೀಮೆಯಲ್ಲಿ, ಕ್ಯಾಸನೂರು ಕಾಡಿನ ಅಂಚಿನಲ್ಲಿ ಅದು ಪತ್ತೆಯಾಯಿತು. ರೋಗದ ಲಕ್ಷಣಗಳ ಮೊದಲ ವಿವರಗಳು ಅದೇ ವರ್ಷದ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್’ ಪತ್ರಿಕೆಯಲ್ಲಿವೆ. ಆರಂಭದ ವರ್ಷಗಳಲ್ಲಿ ಇದರ ಬಂಧು ವೈರಾಣುವಿನ ವಿರುದ್ಧ ಬಳಸುತ್ತಿದ್ದ ರಷ್ಯನ್ ಲಸಿಕೆಯನ್ನು ಇಲ್ಲಿನ ಜನರಿಗೆ ಕೊಟ್ಟು ನೋಡಿದರು, ರಕ್ಷಣೆ ಸಿಗಲಿಲ್ಲ. ಆ ಸೋಲಿನ ವರದಿ 1962ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನಲ್ಲಿ ಬಂತು. ಮಂಗನ ಕಾಯಿಲೆಗೆ ಹೊಸ ಲಸಿಕೆ ಬೇಕೆಂದು ಇಂದು ಕೆಲಸ ಮಾಡುವವರಿಗೆ ಈ ಪುಟಗಳು ಬೇಕು. ಸಾಗರದ ಕಡೆ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯ ಹಳೆಯ ದಾಖಲೆಗಳೂ ಅಷ್ಟೇ.

ಆ ಬೌಂಡ್ ವಾಲ್ಯೂಮ್‌ಗಳು ಎಲ್ಲಿವೆ? 1924ರಲ್ಲಿ ಶುರುವಾದ ಮೈಸೂರು ವೈದ್ಯಕೀಯ ಕಾಲೇಜಿನಂಥ ಹಳೆಯ ಸಂಸ್ಥೆಗಳ ಕಪಾಟುಗಳಲ್ಲಿ ಇಂಥವು ಸೇರಿಕೊಂಡು ಬಂದಿವೆ. ಜಾಗ ಸಾಲದು, ಧೂಳು, ಯಾರೂ ಮುಟ್ಟುವುದಿಲ್ಲ, ಹೊಸ ಕಂಪ್ಯೂಟರ್ ಹಾಲ್ ಕಟ್ಟಬೇಕು ಎಂದಾಗ ಎಲ್ಲ ಕಡೆಯೂ ಮೊದಲು ಹೊರಗೆ ಹೋಗುವುದು ಇವೇ. ಸ್ಟಾಕ್ ವೆರಿಫಿಕೇಷನ್ ಆಗುತ್ತದೆ, ರೈಟ್ ಆಫ್ ಆಗುತ್ತದೆ, ತೂಕಕ್ಕೆ ರದ್ದಿಗೆ ಹೋಗುತ್ತದೆ. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿಯೇ ಇರುತ್ತದೆ. ‘ಇದರ ಇನ್ನೊಂದು ಪ್ರತಿ ರಾಜ್ಯದಲ್ಲಿ ಬೇರೆಲ್ಲಾದರೂ ಇದೆಯೇ’ ಎಂಬ ಒಂದು ಪ್ರಶ್ನೆಗೆ ಆ ಕಡತದಲ್ಲಿ ಕಾಲಂ ಇರುವುದಿಲ್ಲ. ಬ್ರಿಟಿಷರ ಕಾಲದ ‘ಇಂಡಿಯನ್ ಮೆಡಿಕಲ್ ಗೆಜೆಟ್’ 1866ರಿಂದ 1955ರವರೆಗೆ ಪೂರ್ತಿಯಾಗಿ ಸ್ಕ್ಯಾನ್ ಆಗಿ ಇಂದು ಯಾರು ಬೇಕಾದರೂ ಉಚಿತವಾಗಿ ಓದುವಂತಿದೆ. ಅದನ್ನು ಸಾಧ್ಯ ಮಾಡಿದ ಭಂಡಾರ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ್ದು. ನಮ್ಮ ಕಾಲರಾ, ನಮ್ಮ ಪ್ಲೇಗ್ ಕುರಿತ ಬರಹಗಳನ್ನು ಕಾಪಾಡಿದವರು ಅವರು. ನಮ್ಮಿಂದ ಆಗದ ಕೆಲಸವಲ್ಲ ಅದು.

ಹಳೆಯ ಸಂಪುಟಗಳ ವಿಷಯ ಇಷ್ಟು ಬೆಳೆಸಿದ್ದಕ್ಕೆ ಕಾರಣ, ಕಳೆದರೆ ಮತ್ತೆ ಬಾರದ್ದು ಅದೊಂದೇ. ಆದರೆ ದಿನನಿತ್ಯದ ಅಪಾಯ ಇರುವುದು ಹೊಸ ಲೇಖನಗಳಲ್ಲಿ. ಎಂ.ಡಿ., ಎಂ.ಎಸ್. ಓದುವ ಪ್ರತಿಯೊಬ್ಬರೂ ಥೀಸಿಸ್ ಬರೆಯಲೇಬೇಕು. ಸೇರಿ ಕೆಲವೇ ತಿಂಗಳಲ್ಲಿ, ವಾರ್ಡು, ನೈಟ್ ಡ್ಯೂಟಿ, ಕ್ಯಾಶುವಾಲ್ಟಿಗಳ ನಡುವೆ ಸಿನಾಪ್ಸಿಸ್ ಕೊಡಬೇಕು. ಆ ವಿಷಯದಲ್ಲಿ ಈವರೆಗೆ ಏನೇನು ಕೆಲಸವಾಗಿದೆ ಎಂದು ಹುಡುಕಲು ಅವರಿಗೆ ಸಿಗುವುದು ಒಂದೆರಡು ರಾತ್ರಿ. ಈಗ ಆ ರಾತ್ರಿ ಚಾಟ್‌ಜಿಪಿಟಿಯಂಥ ತಂತ್ರಾಂಶದ ಮುಂದೆ ಕಳೆಯುತ್ತದೆ. ಅದು ಕೊಡುವ ಉಲ್ಲೇಖಗಳ ಪಟ್ಟಿಯಲ್ಲಿ ನಿಜವಾದ ಪತ್ರಿಕೆ, ನಿಜವಾದ ಲೇಖಕರ ಹೆಸರು, ನಂಬುವಂಥ ಶೀರ್ಷಿಕೆ ಎಲ್ಲವೂ ಇರುತ್ತದೆ. ಲೇಖನ ಮಾತ್ರ ಕೆಲವೊಮ್ಮೆ ಹುಟ್ಟಿಯೇ ಇರುವುದಿಲ್ಲ. ಪ್ಲೇಜಿಯರಿಸಂ ತಪಾಸಣೆ ಇದನ್ನು ಹಿಡಿಯದು, ಏಕೆಂದರೆ ಇಲ್ಲದ ಲೇಖನವನ್ನು ಯಾರೂ ನಕಲು ಮಾಡಿರುವುದಿಲ್ಲ. ಒಂದೊಂದೇ ಉಲ್ಲೇಖವನ್ನು ತೆಗೆದು, ಅದು ಇದೆಯೇ, ಇದ್ದರೆ ಹೇಳಿದ್ದನ್ನೇ ಹೇಳುತ್ತದೆಯೇ ಎಂದು ನೋಡಬಲ್ಲವರು ಬೇಕು. ಗೈಡ್‌ಗಳಿಗೆ ಪುರುಸೊತ್ತಿಲ್ಲ. ಗ್ರಂಥಾಲಯ ಇರುವುದು ಇದಕ್ಕೇ.

ಹುಟ್ಟಿದ ಲೇಖನವೂ ಸಾಯುತ್ತದೆ ಎಂಬುದು ಇನ್ನೊಂದು ಸಮಸ್ಯೆ. ಮೋಸ ಅಥವಾ ತಪ್ಪು ಬಯಲಾದಾಗ ಪತ್ರಿಕೆಗಳು ಲೇಖನವನ್ನು ಹಿಂತೆಗೆದುಕೊಳ್ಳುತ್ತವೆ. 2023ರೊಂದರಲ್ಲೇ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಲೇಖನಗಳು ಹೀಗೆ ರದ್ದಾದವು. ಅವುಗಳಲ್ಲಿ ಬಹುಪಾಲು ಹಿಂದಾವಿ ಎಂಬ ಒಂದೇ ಪ್ರಕಾಶನದವು. ಇದು ಅಂಕಿಸಂಖ್ಯೆಯ ಮಾತಾಗಿ ಉಳಿಯುವುದಿಲ್ಲ ಎನ್ನುವುದಕ್ಕೆ ಜರ್ಮನಿಯ ಅರಿವಳಿಕೆ ತಜ್ಞ ಯೋಆಖಿಮ್ ಬೋಲ್ಟ್ ಪ್ರಕರಣ ನೋಡಬೇಕು. ತೀವ್ರ ನಿಗಾ ಘಟಕದಲ್ಲಿ ರಕ್ತದ ಪ್ರಮಾಣ ಕಾಪಾಡಲು ಕೊಡುವ ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ಎಂಬ ದ್ರವದ ಪರವಾಗಿ ಆತ ರಾಶಿ ರಾಶಿ ಅಧ್ಯಯನ ಪ್ರಕಟಿಸಿದ್ದ. 2010ರ ಕೊನೆಯಿಂದ ಅವು ರದ್ದಾಗುತ್ತ ಹೋದವು. 2013ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಆತನ ಏಳು ಅಧ್ಯಯನಗಳನ್ನು ಹೊರಗಿಟ್ಟು ಲೆಕ್ಕ ಹಾಕಿದರು. ಆಗ ಕಂಡದ್ದು, ಆ ದ್ರವ ಪಡೆದ ಗಂಭೀರ ರೋಗಿಗಳಲ್ಲಿ ಸಾವು ಮತ್ತು ಮೂತ್ರಪಿಂಡದ ಹಾನಿ ಹೆಚ್ಚು ಎಂಬುದು. ಏಳು ಲೇಖನ ಒಳಗಿದ್ದರೆ ಒಂದು ಉತ್ತರ, ಹೊರಗಿದ್ದರೆ ಇನ್ನೊಂದು. ಹಾಸಿಗೆಯ ಮೇಲೆ ಮಲಗಿದವರ ಪಾಲಿಗೆ ಈ ಎರಡರ ನಡುವಿನ ಅಂತರ ಜೀವ.

ಪಬ್‌ಮೆಡ್‌ನಲ್ಲಿ ಇಂಥ ಲೇಖನದ ಮೇಲೆ ‘ಹಿಂತೆಗೆಯಲಾಗಿದೆ’ ಎಂಬ ಮುದ್ರೆ ಬೀಳುತ್ತದೆ. ಸೀನಿಯರ್‌ನಿಂದ ಜೂನಿಯರ್‌ಗೆ ಪೆನ್‌ಡ್ರೈವಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ದಾಟಿ ಬಂದ ಪಿಡಿಎಫ್ ಮೇಲೆ ಬೀಳುವುದಿಲ್ಲ. ಬಾಗಿಲು ಮುಚ್ಚಿದಷ್ಟೂ ವಿದ್ಯಾರ್ಥಿಗಳು ಇಂಥ ಪ್ರತಿಗಳನ್ನೇ ನೆಚ್ಚುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಕ್ರಾಸ್‌ರೆಫ್ ಸಂಸ್ಥೆ, ರದ್ದಾದ ಲೇಖನಗಳನ್ನು ಪಟ್ಟಿ ಮಾಡುವ ‘ರಿಟ್ರ್ಯಾಕ್ಷನ್ ವಾಚ್’ನ ದತ್ತಾಂಶವನ್ನು ಕೊಂಡು ಎಲ್ಲರಿಗೂ ಉಚಿತ ಮಾಡಿತು. ಜೊಟೆರೊ ಎಂಬ ಉಚಿತ ತಂತ್ರಾಂಶದಲ್ಲಿ ಉಲ್ಲೇಖಗಳನ್ನು ಇಟ್ಟುಕೊಂಡರೆ, ರದ್ದಾದ ಲೇಖನ ಸೇರಿದ್ದಲ್ಲಿ ತಾನಾಗಿಯೇ ಎಚ್ಚರಿಸುತ್ತದೆ. ಒಂದು ಪೈಸೆ ಖರ್ಚಿಲ್ಲ. ಇದನ್ನು ಕಲಿಸಿಕೊಡುವ ಒಂದು ತಾಸಿನ ತರಗತಿಯನ್ನು ಪ್ರತಿ ವರ್ಷ ನಡೆಸುವವರಷ್ಟೇ ಬೇಕು.

ಪ್ರಕಟಿಸುವವರಿಗೂ ಇದೇ ಗ್ರಂಥಾಲಯ ಆಸರೆ. ಬಡ್ತಿಗೆ ಲೇಖನ ಬೇಕು. ಹಣ ಕೊಟ್ಟರೆ ಒಂದು ವಾರದಲ್ಲಿ ಅಚ್ಚು ಹಾಕುವ ಸುಲಿಗೆ ಪತ್ರಿಕೆಗಳು ದಿನವೂ ಇಮೇಲ್ ಕಳಿಸುತ್ತವೆ. ಒಳ್ಳೆಯ ಪತ್ರಿಕೆಗಳನ್ನು ಗುರುತಿಸಲು ಯುಜಿಸಿ ನಡೆಸುತ್ತಿದ್ದ ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿ, ಆಯ್ಕೆಯ ಹೊಣೆಯನ್ನು ಸಂಸ್ಥೆಗಳಿಗೇ ಬಿಟ್ಟಿದ್ದಾರೆ. ಸಂಸ್ಥೆಯೊಳಗೆ ಆ ಹೊಣೆ ಹೊರುವವರು ಯಾರೆಂದು ಎಷ್ಟು ಕಾಲೇಜುಗಳು ತೀರ್ಮಾನಿಸಿವೆ?

ಓದುಗರು ಎಂದಾಗ ವೈದ್ಯರನ್ನಷ್ಟೇ ನೆನೆಯುವುದು ನಮ್ಮ ದೊಡ್ಡ ತಪ್ಪು. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಲ್ಯಾಬ್ ತಂತ್ರಜ್ಞಾನ ಓದುವವರೂ ಇದೇ ಕಟ್ಟಡಕ್ಕೆ ಬರಬೇಕಾದವರು. ಅವರಲ್ಲಿ ಬಹಳ ಮಂದಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿಯ ಹೆಣ್ಣುಮಕ್ಕಳು. ಹುಡುಕುವ ಪಟ್ಟಿಗೆ ಯಾವ ಇಂಗ್ಲಿಷ್ ಪದ ಹಾಕಬೇಕೆಂದು ತಿಳಿಯದೆ, ಕೇಳಲು ಸಂಕೋಚಪಟ್ಟು, ಕೊನೆಗೆ ಹಿಂದಿನ ಬ್ಯಾಚಿನ ಪ್ರಾಜೆಕ್ಟನ್ನೇ ತಿದ್ದಿ ಕೊಡುತ್ತಾರೆ. ಒಂದೇ ಕಾಯಿಲೆಗೆ ಇರುವ ಹತ್ತು ಹೆಸರುಗಳನ್ನು ಒಂದೇ ಶೀರ್ಷಿಕೆಯಡಿ ತರುವ ‘ಮೆಶ್’ ಎಂಬ ಪದಕೋಶವನ್ನು ಅಮೆರಿಕದ ಗ್ರಂಥಪಾಲಕರು 1960ರಲ್ಲೇ ಕಟ್ಟಿದರು. ಹೃದಯಾಘಾತ ಎಂದು ಹುಡುಕಿದರೂ ಮಯೋಕಾರ್ಡಿಯಲ್ ಇನ್ಫಾರ್ಕ್ಷನ್ ಎಂದು ಹುಡುಕಿದರೂ ಒಂದೇ ಕಡೆ ತಲುಪುವ ಈ ಉಪಾಯವನ್ನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿಕೊಟ್ಟರೆ ಅರ್ಧ ತಾಸಿನಲ್ಲಿ ಕಲಿಯುತ್ತಾರೆ. ‘ಬಾಮ್ಮ, ಕೂತ್ಕೊ, ನಿನ್ನ ಪ್ರಶ್ನೆ ಏನು ಹೇಳು’ ಎನ್ನುವ ಗ್ರಂಥಪಾಲಕಿಯೊಬ್ಬರು ಒಂದು ನರ್ಸಿಂಗ್ ಕಾಲೇಜಿನಲ್ಲಿದ್ದರೆ ಅಲ್ಲಿನ ಪ್ರಾಜೆಕ್ಟುಗಳ ಮಟ್ಟವೇ ಬೇರೆಯಾಗುತ್ತದೆ. ಹೊರಗಿನ ಯಾವ ಚಂದಾ ಯೋಜನೆಯೂ ಇದನ್ನು ತಂದುಕೊಡದು.

ಗ್ರಂಥಪಾಲಕರು ರೋಗಿಯ ಬಳಿಗೇ ಹೋಗಬೇಕೆಂಬ ಆಲೋಚನೆಗೂ ಅರ್ಧ ಶತಮಾನ ದಾಟಿದೆ. 1971ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಗರ್ಟ್ರೂಡ್ ಲ್ಯಾಂಬ್ ಎಂಬ ಗ್ರಂಥಪಾಲಕಿ, ವೈದ್ಯರೊಡನೆ ವಾರ್ಡ್ ರೌಂಡ್ಸ್‌ಗೆ ಹೋಗಿ ಅಲ್ಲೇ ಎದ್ದ ಪ್ರಶ್ನೆಗೆ ಲೇಖನ ಹುಡುಕಿ ತಲುಪಿಸುವ ಪದ್ಧತಿ ಶುರುಮಾಡಿದರು. 1992ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಭಾಗದ ಆಸ್ಪತ್ರೆಗಳ ವೈದ್ಯರನ್ನು ಕೇಳಿದಾಗ, ಗ್ರಂಥಾಲಯ ಒದಗಿಸಿದ ಮಾಹಿತಿಯಿಂದ ಚಿಕಿತ್ಸೆಯಲ್ಲಿ ಏನಾದರೊಂದನ್ನು ಬದಲಿಸಿದೆವು ಅಥವಾ ಬದಲಿಸಿರಬಹುದು ಎಂದವರು ಸುಮಾರು ಶೇ. 80. ಅಂಥ ಸೇವೆ ನಮ್ಮ ವಾರ್ಡುಗಳಲ್ಲಿ ಅಪರೂಪ.

ಇನ್ನೊಂದು ಬಿರುಕು ನಮ್ಮ ಕೈಮೀರಿದ್ದು, ಆದರೂ ಕಣ್ಣಿಡಬೇಕಾದದ್ದು. 3.7 ಕೋಟಿಗೂ ಹೆಚ್ಚು ಲೇಖನಗಳ ಸೂಚಿಯಾದ ಪಬ್‌ಮೆಡ್ 1997ರಿಂದ ಉಚಿತ. ಅದು ಎಂದೆಂದಿಗೂ ಹೀಗೆಯೇ ಇರುತ್ತದೆಂದು ನಾವೆಲ್ಲ ನಂಬಿದ್ದೇವೆ. ಅದು ಅಮೆರಿಕ ಸರ್ಕಾರದ ಆಸ್ತಿ. 2025ರ ಮಾರ್ಚ್ ಮೊದಲ ವಾರಾಂತ್ಯ ಅದು ಕೆಲಹೊತ್ತು ತೆರೆಯದೆ ಹೋದಾಗ ಜಗತ್ತಿನ ಸಂಶೋಧಕರು ಗಾಬರಿಯಾದರು. ಮುಂದಿನ ತಿಂಗಳೇ ಅಲ್ಲಿನ ಆರೋಗ್ಯ ಇಲಾಖೆಯಲ್ಲಿ ಸಾವಿರಾರು ನೌಕರರನ್ನು ತೆಗೆದರು. ಜರ್ಮನಿಯ ಕಲೋನ್‌ನ ವೈದ್ಯಕೀಯ ಗ್ರಂಥಾಲಯ ಜೆಡ್‌ಬಿ ಮೆಡ್ ಅದೇ ವರ್ಷ ತಾನೊಂದು ಮುಕ್ತ ಪರ್ಯಾಯ ಕಟ್ಟುವುದಾಗಿ ಘೋಷಿಸಿತು. ಒಂದು ಗ್ರಂಥಾಲಯ ಮುಂದಾಲೋಚನೆ ಮಾಡುವುದೆಂದರೆ ಹೀಗೆ.

ಮೊಬೈಲಿನಲ್ಲಿ ಎಲ್ಲವೂ ಇದೆ ಎನ್ನುವವರ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಹಾಸಿಗೆಯ ಪಕ್ಕದಲ್ಲಿ ನಿಂತು ಔಷಧದ ಪ್ರಮಾಣ ನೋಡಿಕೊಳ್ಳುವ ಅನುಕೂಲ ಹಿಂದಿನ ತಲೆಮಾರಿಗೆ ಇರಲಿಲ್ಲ. ಕಾರ್ಡ್ ಕ್ಯಾಟಲಾಗಿನ ಕಾಲಕ್ಕೆ ಮರಳಬೇಕೆಂದು ನಾವು ಕೇಳುತ್ತಿಲ್ಲ. ಆದರೆ ಮಾಹಿತಿ ಕಡಿಮೆ ಇದ್ದಾಗ ಗ್ರಂಥಪಾಲಕರ ಕೆಲಸ ತಂದುಕೊಡುವುದಾಗಿತ್ತು. ಮಾಹಿತಿ ಅತಿಯಾದಾಗ, ಅದರಲ್ಲಿ ಸುಳ್ಳೂ ಬೆರೆತಾಗ, ಅವರ ಕೆಲಸ ಇನ್ನೂ ಕಷ್ಟದ್ದಾಗಿದೆ. ಕಷ್ಟವಾದ ಹೊತ್ತಿಗೇ ಅವರನ್ನು ಕಳಿಸುತ್ತಿದ್ದೇವೆ. ಒಂದು ಸಾವೋ ಒಂದು ಹಗರಣವೋ ಆದ ಮೇಲೆ ಸಮಿತಿ ರಚಿಸಿ ಹುದ್ದೆ ಮಂಜೂರು ಮಾಡುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಕರ್ನಾಟಕಕ್ಕೆ ಈ ವಿಷಯದಲ್ಲಿ ನೆನೆಯಲು ಒಂದು ಒಳ್ಳೆಯ ಪೂರ್ವೇತಿಹಾಸ ಇದೆ. ದೇಶ ಒಟ್ಟಾಗಿ ಯೋಚಿಸುವ ಎಷ್ಟೋ ಮೊದಲು, 2003ರಲ್ಲೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ‘ಹೆಲಿನೆಟ್’ ಒಕ್ಕೂಟ ಕಟ್ಟಿ, ಸರ್ಕಾರಿ-ಖಾಸಗಿ ಎನ್ನದೆ ತನ್ನ ಕಾಲೇಜುಗಳು ಒಟ್ಟಾಗಿ ಇ-ಪತ್ರಿಕೆ ತರಿಸುವ ದಾರಿ ತೋರಿತು. ಗ್ರಂಥಾಲಯ ವಿಜ್ಞಾನದ ದೊಡ್ಡ ಹೆಸರಾದ ಎಸ್.ಆರ್. ರಂಗನಾಥನ್ 1962ರಲ್ಲಿ ಡಾಕ್ಯುಮೆಂಟೇಷನ್ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ್ದು ಬೆಂಗಳೂರಿನಲ್ಲೇ. 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು, ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ವರದಿಗಳಿರುವ ಕೊಕ್ರೇನ್ ಗ್ರಂಥಭಂಡಾರವನ್ನು ದೇಶದ ಎಲ್ಲರಿಗೂ, ಕಾಲೇಜಿನ ಗುರುತಿನ ಚೀಟಿಯ ಹಂಗಿಲ್ಲದೆ ತೆರೆಸಿದ್ದೂ ನಮ್ಮ ಮುಂದಿದೆ. ಮನಸ್ಸು ಮಾಡಿದಾಗ ಆಗಿದೆ.

ಈಗ ಮಾಡಬೇಕಾದ್ದರಲ್ಲಿ ಅತಿ ಅಗ್ಗವಾದದ್ದು ಒಂದು ನಿಯಮ. ಮನುಷ್ಯರ ಮೇಲೆ ನಡೆಸುವ ಯಾವುದೇ ಅಧ್ಯಯನ ಎಥಿಕ್ಸ್ ಕಮಿಟಿಯ ಮುಂದೆ ಬರುವಾಗ, ಯಾವ ಯಾವ ಸೂಚಿಗಳಲ್ಲಿ, ಯಾವ ಪದಗಳಿಂದ, ಯಾವ ವರ್ಷದಿಂದ ಹುಡುಕಲಾಯಿತು ಎಂಬ ಒಂದು ಪುಟದ ವಿವರ ಜೊತೆಗಿರಲಿ. ಅದಕ್ಕೆ ಗ್ರಂಥಪಾಲಕರ ಸಹಿ ಇರಲಿ. ಬಾಲ್ಟಿಮೋರ್‌ನಲ್ಲಿ ಇಲ್ಲದೆ ಹೋದದ್ದು ಇದೊಂದೇ ಪುಟ. ಪಿಜಿಗಳ ಸಿನಾಪ್ಸಿಸ್‌ಗೂ ಇದನ್ನೇ ಅನ್ವಯಿಸಿದರೆ, ಸಹಿ ಹಾಕಲು ಅರ್ಹ ವ್ಯಕ್ತಿ ಇಲ್ಲದ ಕಾಲೇಜುಗಳು ಯಾವುವೆಂದು ಒಂದೇ ವರ್ಷದಲ್ಲಿ ತಾನಾಗಿ ಗೊತ್ತಾಗುತ್ತದೆ, ಹುದ್ದೆ ತುಂಬುವ ಒತ್ತಾಯವೂ ಅಲ್ಲಿಂದಲೇ ಹುಟ್ಟುತ್ತದೆ. ಹಳೆಯ ಸಂಪುಟಗಳ ವಿಷಯದಲ್ಲಿ, ರಾಜ್ಯದಲ್ಲಿ ಇನ್ನೊಂದು ಪ್ರತಿ ಇದೆ ಎಂದು ಖಾತರಿಯಾಗುವವರೆಗೆ ರೈಟ್ ಆಫ್ ಮಾಡಕೂಡದೆಂಬ ಸುತ್ತೋಲೆ ಇಂದೇ ಹೊರಡಬಹುದು. 1980ಕ್ಕೆ ಹಿಂದಿನ ಭಾರತೀಯ ವೈದ್ಯಕೀಯ ಪತ್ರಿಕೆಗಳನ್ನು ಒಂದು ಕಡೆ ಸೇರಿಸಿ ಸ್ಕ್ಯಾನ್ ಮಾಡುವ ಹೊಣೆಯನ್ನು ವಿಶ್ವವಿದ್ಯಾಲಯ ಹೊರಬೇಕು.

ಹಣ ಬೇಡುವುದು ಚಂದಾ. ಕೇಂದ್ರದ ಯೋಜನೆ ಮುಂದುವರಿಯುತ್ತದೆಂದು ಆಶಿಸೋಣ. ಮುಂದುವರಿಯುವಾಗ ಖಾಸಗಿ ಕಾಲೇಜಿನ ವಿದ್ಯಾರ್ಥಿಯೂ ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಒಳಗೆ ಬರಲಿ, ಹಣ ಕಟ್ಟಿದ ವರ್ಷಗಳ ಸಂಚಿಕೆಗಳು ಶಾಶ್ವತವಾಗಿ ನಮ್ಮವಾಗಿ ಉಳಿಯಲಿ ಎಂದು ರಾಜ್ಯ ಈಗಲೇ ಲಿಖಿತವಾಗಿ ಕೇಳಬೇಕು. ಅದಕ್ಕೆ ಆಧಾರವಾಗುವ ಬಳಕೆಯ ಲೆಕ್ಕವನ್ನು ಪ್ರತಿ ಕಾಲೇಜಿನ ಗ್ರಂಥಾಲಯದಿಂದ ವೈದ್ಯಕೀಯ ಶಿಕ್ಷಣ ಇಲಾಖೆ ತರಿಸಿಕೊಳ್ಳಬೇಕು. ಯೋಜನೆ ನಿಂತರೆ ಅಥವಾ ತಡವಾದರೆ 2028ರ ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳ ಖರ್ಚನ್ನು ರಾಜ್ಯವೇ ಹೊರಬೇಕಾಗುತ್ತದೆ, ಆ ತಿಂಗಳುಗಳು 2027-28ರ ಬಜೆಟ್ ವರ್ಷದೊಳಗೇ ಬರುತ್ತವೆ. ಆದ್ದರಿಂದ ಹೆಲಿನೆಟ್ ಹೆಸರಿನಲ್ಲಿ ಒಂದು ಮೀಸಲು ಮೊತ್ತ ಮತ್ತು ಖಾಲಿ ಬಿದ್ದ ಗ್ರಂಥಪಾಲಕ ಹುದ್ದೆಗಳ ಮಂಜೂರಾತಿ, ಇವೆರಡೂ ಆ ಬಜೆಟ್‌ನಲ್ಲೇ ಇರಬೇಕು. ವೈದ್ಯಕೀಯ ಶಿಕ್ಷಣ ಸಚಿವರೂ ವಿಶ್ವವಿದ್ಯಾಲಯದ ಕುಲಪತಿಗಳೂ ಅದರ ಪ್ರಸ್ತಾವವನ್ನು ಈಗಲೇ ಸಿದ್ಧಪಡಿಸಲಿ.